ಕೊಡಗಿನ ಬೇಸಿಗೆಯಲ್ಲಿ ನಾಯಿ ಜೊತೆ ಹೊಳೆದಂಡೆ ಸುತ್ತಿದರೆ ಏನೇನು ಕಾಣುತ್ತದೆ, ಯಾಕೆ ಕಾಣುತ್ತದೆ?

ಏಪ್ರಿಲ್ ಬಂದರೆ ಕೊಡಗಿನ ಮನೆಗಳು ತುಂಬುತ್ತವೆ. ಮಕ್ಕಳಿಗೆ ರಜೆ. ಬೆಂಗಳೂರು, ಮೈಸೂರು ಸೇರಿದವರು ಊರಿಗೆ ಬರುತ್ತಾರೆ. ಈಚೆಗೆ ಅವರ ಜೊತೆ ಕಾರಿನಿಂದ ಒಂದು ನಾಯಿಯೂ ಇಳಿಯುತ್ತದೆ. ಅಪಾರ್ಟ್‌ಮೆಂಟಿನ ಕಾಂಪೌಂಡಿನಲ್ಲೇ ಬೆಳೆದ ಆ ನಾಯಿಗೆ ತೋಟದ ದಾರಿ, ತೋಡು ಅಂದರೆ ಸಣ್ಣ ಹಳ್ಳ, ಹೊಳೆ, ದೇವರಕಾಡಿನ ಅಂಚು ಎಲ್ಲವೂ ಹೊಸತು. ಬೆಳಿಗ್ಗೆ ಅದನ್ನು ಸುತ್ತಾಡಿಸಲು ಹೊರಟವರ ತಲೆಯಲ್ಲೂ ಪ್ರಶ್ನೆಗಳೇ. ಹೊಳೆಗೆ ಬಾಗಿದ ಮರದ ತುಂಬ ಇರುವ ನೇರಳೆ ಬಣ್ಣದ ಹೂ ಯಾವುದು? ಸರಿಯಾಗಿ ಮಳೆಯೇ ಇಲ್ಲದ ಕಾಲದಲ್ಲಿ ಮರಗಳು ಹೂ ಬಿಡುವುದು ಹೇಗೆ? ಮರಳಿನ ಮೇಲೆ ಗುಂಪಾಗಿ ಕೂತ ಚಿಟ್ಟೆಗಳು ಏನು ಮಾಡುತ್ತಿವೆ? ನಾಯಿ ಒಂದೇ ಕಲ್ಲನ್ನು ಅಷ್ಟು ಹೊತ್ತು ಯಾಕೆ ಮೂಸುತ್ತಿದೆ?

ಬಿಡಿಬಿಡಿಯಾಗಿ ನೋಡಿದರೆ ಇವು ಬೇರೆ ಬೇರೆ ಪ್ರಶ್ನೆಗಳು. ಆದರೆ ಹೆಚ್ಚಿನವುಗಳ ಉತ್ತರ ಒಂದೇ ಕಡೆ ಸೇರುತ್ತದೆ. ಅದು ಜೂನ್ ತಿಂಗಳ ಮಳೆ.

ಎಲ್ಲಕ್ಕೂ ಗಡುವು ಜೂನ್

ಕೊಡಗಿನಲ್ಲಿ ಬೇಸಿಗೆ ಅಂದರೆ ಹೆಚ್ಚುಕಡಿಮೆ ಫೆಬ್ರವರಿಯಿಂದ ಮೇ ಕೊನೆಯವರೆಗೆ. ನಡುವೆ ಮಾರ್ಚ್, ಏಪ್ರಿಲ್‌ನಲ್ಲಿ ಗುಡುಗು ಸಹಿತ ಒಂದೆರಡು ಮಳೆ ಬರುತ್ತದೆ. ಜೂನ್ ಮೊದಲ ವಾರಗಳಲ್ಲಿ ಮುಂಗಾರು ಶುರುವಾದರೆ ಮುಂದಿನ ಮೂರು ತಿಂಗಳು ಬೇರೆಯದೇ ಲೋಕ. ಹೊಳೆ ದಂಡೆ ಮೀರುತ್ತದೆ, ಬಿಸಿಲು ಕಾಣುವುದಿಲ್ಲ, ಜೇನುಹುಳ ಗೂಡು ಬಿಟ್ಟು ಹೊರಗೆ ಬರುವುದೇ ಕಷ್ಟ.

ಮರದ ಲೆಕ್ಕ ಇಲ್ಲೇ ಇದೆ. ಬೀಜ ಮೊಳೆಯಲು ಹಸಿ ನೆಲ ಬೇಕು. ಜೂನ್‌ನಲ್ಲಿ ನೆಲ ಹಸಿಯಾಗುವ ಹೊತ್ತಿಗೆ ಬೀಜ ಉದುರಬೇಕಾದರೆ ಹೂವು ಅದಕ್ಕೂ ಎರಡು ಮೂರು ತಿಂಗಳು ಮೊದಲೇ ಬಿಡಬೇಕು. ಹೂ ಬಿಡಲು ಒಣ ಹವೆಯೇ ಒಳ್ಳೆಯದು, ಯಾಕೆಂದರೆ ಪರಾಗ ಮಳೆಗೆ ತೊಳೆದುಹೋಗುವುದಿಲ್ಲ. ಜೊತೆಗೆ ಬೂರುಗ, ಹಾಲುವಾಣ, ಮುತ್ತುಗದಂಥ ಮರಗಳು ಹೂ ಬಿಡುವ ಮೊದಲು ಎಲೆಯನ್ನೆಲ್ಲ ಉದುರಿಸುತ್ತವೆ. ಎಲೆ ಇಲ್ಲದಿದ್ದರೆ ನೀರಿನ ಖರ್ಚು ಕಡಿಮೆ. ಹೂವು ದೂರದ ಹಕ್ಕಿಗೂ ಕಾಣುತ್ತದೆ. ಬೇರು ಆಳದಲ್ಲಿ ಇರುವುದರಿಂದ ಮೇಲಿನ ಮಣ್ಣು ಒಣಗಿದರೂ ಮರಕ್ಕೆ ನೀರು ಸಿಗುತ್ತದೆ.

ನೆಲದ ಗಿಡಗಳಿಗೆ ಈ ಅನುಕೂಲ ಇಲ್ಲ. ಬೇರು ಮೇಲೇ ಇದೆ, ಮೇಲಿನ ಮಣ್ಣು ಒಣಗಿದೆ. ಹಾಗಾಗಿ ಅವುಗಳಲ್ಲಿ ಬಹಳಷ್ಟು ಈಗ ಬೀಜವಾಗಿಯೋ ಗೆಡ್ಡೆಯಾಗಿಯೋ ಮಣ್ಣಿನೊಳಗೆ ಇರುತ್ತವೆ. ಕೊಡವರು ಆಯುಧಪೂಜೆ ಮಾಡುವ ಕೈಲ್ ಪೋಳ್ದ್ ಹಬ್ಬಕ್ಕೆ ಕೋವಿಗೆ ಸಿಕ್ಕಿಸುವ ತೋಕ್ ಪೂ, ಅಂದರೆ ಗೌರಿ ಹೂವಿನ ಬಳ್ಳಿ, ಏಪ್ರಿಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದರ ಗೆಡ್ಡೆ ನಿಮ್ಮ ಕಾಲಡಿಯಲ್ಲೇ ಇರಬಹುದು. ಮಳೆ ಬಿದ್ದ ಮೇಲೆ ಚಿಗುರಿ, ಸೆಪ್ಟೆಂಬರ್ ಹೊತ್ತಿಗೆ ಹೂ ಬಿಡುತ್ತದೆ. ಆದ್ದರಿಂದ ಮಳೆಗಾಲದ ಹೂವಿಗೆ ತಲೆ ಬಗ್ಗಿಸಬೇಕು, ಬೇಸಿಗೆಯ ಹೂವಿಗೆ ತಲೆ ಎತ್ತಬೇಕು.

ಇನ್ನೊಂದು ವ್ಯತ್ಯಾಸ ಜಾಗದ್ದು. ಭಾಗಮಂಡಲದ ಕಡೆ ವರ್ಷಕ್ಕೆ 5000 ಮಿ.ಮೀ.ಗೂ ಹೆಚ್ಚು ಮಳೆ. ಅದೇ ಕಾವೇರಿ ಹರಿದು ಕುಶಾಲನಗರಕ್ಕೆ ಬರುವಷ್ಟರಲ್ಲಿ ಮಳೆ 1000 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಪಶ್ಚಿಮದಲ್ಲಿ ವರ್ಷವಿಡೀ ಹಸಿರಾಗಿರುವ ಕಾಡು, ಪೂರ್ವದಲ್ಲಿ ಎಲೆ ಉದುರಿಸುವ ಕಾಡು. ಮುತ್ತುಗದ ಕೇಸರಿ, ಕಕ್ಕೆಯ ಹಳದಿ ಗೊಂಚಲು ನೋಡಬೇಕಾದರೆ ಕುಶಾಲನಗರ, ಸಿದ್ದಾಪುರದ ಕಡೆ ಹೋಗಬೇಕು. ತಲಕಾವೇರಿಯ ಕಡೆ ಮಾರ್ಚ್‌ನಲ್ಲಿ ದೂರದಿಂದ ಕೆಂಪಗೆ ಕಾಣುವುದು ಬಹಳ ಸಲ ಹೂವೇ ಅಲ್ಲ. ಅದು ನಾಗಸಂಪಿಗೆಯಂಥ ಮರಗಳ ಎಳೆ ಚಿಗುರು. ಆ ಕೆಂಪು ಬಣ್ಣ ಎಳೆಯ ಎಲೆಯನ್ನು ಸುಡುಬಿಸಿಲಿನಿಂದ ಕಾಯುತ್ತದೆ.

ಹೂಮಳೆ: ಒಂದು ಮಳೆಗೆ ಇಡೀ ತೋಟ ಬೆಳ್ಳಗಾಗುವುದು ಹೇಗೆ?

ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಡಗಿನದು. ಇಲ್ಲಿ ಎಲ್ಲಿಗೆ ನಡೆದರೂ ಕಾಫಿ ತೋಟ ದಾಟಲೇಬೇಕು. ಕಾಫಿ ಕಾಡುಹೂ ಅಲ್ಲ, ಒಪ್ಪುತ್ತೇನೆ. ಆದರೂ ಇಲ್ಲಿನ ಜೇನುಹುಳಗಳಿಗೆ ಬೇಸಿಗೆಯ ದೊಡ್ಡ ಹಬ್ಬ ಅದೇ. ಅದನ್ನು ಬಿಟ್ಟು ಕೊಡಗಿನ ಹೂವಿನ ಬಗ್ಗೆ ಮಾತಾಡಲು ಆಗುವುದಿಲ್ಲ.

ಕಾಫಿಯ ಮೊಗ್ಗು ಚಳಿಗಾಲದ ಕೊನೆಗೇ ಕಟ್ಟಿರುತ್ತದೆ. ಆದರೆ ಅರಳುವುದಿಲ್ಲ, ನಿದ್ದೆ ಹೋಗುತ್ತದೆ. ಒಂದಷ್ಟು ದಿನ ಬಿಸಿಲು ತಿಂದು, ಗಿಡ ನೀರಿಗೆ ಹಾತೊರೆಯಬೇಕು. ಆಮೇಲೆ ಒಮ್ಮೆ ಚೆನ್ನಾಗಿ ಮಳೆ ಬಿದ್ದರೆ ಎಲ್ಲ ಮೊಗ್ಗುಗಳೂ ಒಟ್ಟಿಗೆ ಎಚ್ಚರಾಗುತ್ತವೆ. ಇದೇ ಹೂಮಳೆ. ಮಳೆಯಾದ ಒಂದು ವಾರದಿಂದ ಹತ್ತು ದಿನದೊಳಗೆ ಇಡೀ ತೋಟ ಬೆಳ್ಳಗಾಗುತ್ತದೆ. ಮಲ್ಲಿಗೆಯಂಥ ಪರಿಮಳ ರಸ್ತೆಯವರೆಗೂ ಬರುತ್ತದೆ. ಎರಡು ಮೂರು ದಿನಕ್ಕೆ ಹೂವು ಕಂದಾಗುತ್ತದೆ. ಆಮೇಲೆ ಕಾಯಿ ಕಟ್ಟಲು ಇನ್ನೊಂದು ಮಳೆ ಬೇಕು, ಅದಕ್ಕೆ ಬೆಳೆಗಾರರು ಬ್ಯಾಕಿಂಗ್ ಮಳೆ ಅನ್ನುತ್ತಾರೆ. ಹೂಮಳೆ ತಡವಾದರೆ ತೋಟಗಳಲ್ಲಿ ಸ್ಪ್ರಿಂಕ್ಲರ್ ತಿರುಗುವುದು ಇದಕ್ಕೇ.

ಕಾಫಿಯಲ್ಲಿ ಎರಡು ಜಾತಿ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೊಬಸ್ಟಾಗೆ ಅದು ಆಗುವುದಿಲ್ಲ. ಬೇರೆ ಗಿಡದ ಪರಾಗ ಗಾಳಿಯಲ್ಲಿ ಬರಬೇಕು, ಇಲ್ಲವೇ ಜೇನು ತರಬೇಕು. ಹೂ ಬಿಟ್ಟ ದಿನ ಬೆಳಿಗ್ಗೆ ರೊಬಸ್ಟಾ ತೋಟದ ಪಕ್ಕ ನಿಂತರೆ ಒಂದೇ ಸಮನೆ ಗುಂಯ್ ಎನ್ನುವ ಸದ್ದು ಕೇಳುತ್ತದೆ. ದೊಡ್ಡ ಮರದಲ್ಲಿ ಗೂಡು ಕಟ್ಟುವ ಹೆಜ್ಜೇನು, ಪೊಟರೆಯಲ್ಲಿ ಇರುವ ತುಡುವೆ, ಸಣ್ಣ ಮುಜಂಟಿ ಎಲ್ಲವೂ ಅಲ್ಲಿರುತ್ತವೆ. ಕೊಡಗಿನ ಜೇನಿಗೆ ಹೆಸರು ತಂದುಕೊಟ್ಟದ್ದು ತುಡುವೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದುಹಾಕಿತು.

ಹೂ ಬಿಟ್ಟ ದಿನಗಳಲ್ಲಿ ನಾಯಿಯನ್ನು ಕಾಫಿ ಸಾಲಿನೊಳಗೆ ನುಗ್ಗಲು ಬಿಡಬೇಡಿ. ಹೂವೂ ಉದುರುತ್ತದೆ, ಜೇನೂ ಕುಟುಕುತ್ತದೆ. ಹೆಜ್ಜೇನು ಕಟ್ಟಿದ ಮರವಿದ್ದರೆ ಆ ದಾರಿಯನ್ನೇ ಬಿಡುವುದು ಕ್ಷೇಮ.

ಹೊಳೆ ಅಂಚಿನ ಮರಗಳು

ಆ ನೇರಳೆ ಹೂವಿನ ಮರ ಹೊಳೆ ದಾಸವಾಳ. ಹೆಸರಲ್ಲಿ ದಾಸವಾಳ ಇದ್ದರೂ ದಾಸವಾಳದ ನೆಂಟ ಅಲ್ಲ. ದಂಡೆಯ ಹಸಿ ಮಣ್ಣು ಇಷ್ಟ. ಏಪ್ರಿಲ್‌ನಿಂದ ಹೂ ಬಿಡುತ್ತದೆ, ಎಸಳು ಕ್ರೇಪ್ ಕಾಗದದ ಹಾಗೆ ಸುಕ್ಕು ಸುಕ್ಕು. ಹೊಂಗೆಯೂ ಇದೇ ಸಮಯಕ್ಕೆ ಹೂ ಬಿಡುತ್ತದೆ. ಬೆಳಿಗ್ಗೆ ದಾರಿಯ ಮೇಲೆ ಅವಲಕ್ಕಿಯಷ್ಟು ಸಣ್ಣ ನಸುಗೆಂಪು ಬಿಳಿ ಹೂ ಹಾಸಿದ್ದರೆ ಮೇಲೆ ನೋಡಿ, ಹೊಂಗೆ ಇರುತ್ತದೆ. ತೊಗಟೆ ನುಣುಪಾಗಿ, ಬೂದು ಬಿಳುಪಾಗಿ ಇರುವ ದೊಡ್ಡ ಮರ ಹೊಳೆಮತ್ತಿ. ಇವೆಲ್ಲದರ ಬೇರು ದಂಡೆಯ ಮಣ್ಣನ್ನು ಬಿಗಿಯಾಗಿ ಹಿಡಿದಿರುತ್ತವೆ, ಪ್ರವಾಹ ಬಂದಾಗ ಆ ಹಿಡಿತವೇ ದಂಡೆಯನ್ನು ಉಳಿಸುತ್ತದೆ.

ಆದರೆ ದಂಡೆಯಲ್ಲಿ ಒಂದೇ ಒಂದು ಮರದ ಕೆಳಗೆ ನಿಲ್ಲಲು ಸಮಯ ಇದ್ದರೆ ಅತ್ತಿ ಮರದ ಕೆಳಗೆ ನಿಲ್ಲಿ ಅಂತ ಹೇಳುತ್ತೇನೆ. ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲು ಹಣ್ಣು. ಅತ್ತಿಯ ಹೂ ಕಂಡವರಿಲ್ಲ ಅನ್ನುತ್ತಾರೆ, ಅಲ್ವಾ? ಹೂವು ಇದೆ, ಅದು ನಾವು ಕಾಯಿ ಅಂದುಕೊಳ್ಳುವ ಆ ಉಂಡೆಯ ಒಳಗೆ ಇದೆ. ಒಳಗೋಡೆಯ ತುಂಬ ನೂರಾರು ಪುಟಾಣಿ ಹೂಗಳು. ತುದಿಯಲ್ಲಿ ಒಂದು ಸಣ್ಣ ತೂತು. ಅದರ ಮೂಲಕ ಸಾಸಿವೆಯಷ್ಟು ಚಿಕ್ಕದಾದ ಹೆಣ್ಣು ಕಣಜ ಒಳಗೆ ತೂರುತ್ತದೆ. ದಾರಿ ಎಷ್ಟು ಇಕ್ಕಟ್ಟೆಂದರೆ ರೆಕ್ಕೆ ಕಿತ್ತುಹೋಗುತ್ತದೆ. ಹೊತ್ತು ತಂದ ಪರಾಗವನ್ನು ಹೂಗಳಿಗೆ ತಾಗಿಸಿ, ಕೆಲವು ಹೂಗಳಲ್ಲಿ ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ಮೊದಲು ಹೊರಬಂದು, ಹೆಣ್ಣುಗಳ ಜೊತೆ ಕೂಡಿ, ಹೊರಗೆ ಹೋಗಲು ಸುರಂಗ ಕೊರೆಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಆ ಸುರಂಗದಿಂದ ಹಾರಿಹೋಗಿ ಇನ್ನೊಂದು ಅತ್ತಿಯನ್ನು ಹುಡುಕುತ್ತವೆ. ಹೊರಗೆ ಅವುಗಳ ಆಯುಸ್ಸು ಒಂದೆರಡು ದಿನ ಮಾತ್ರ. ಈ ಕಣಜ ಇಲ್ಲದೆ ಅತ್ತಿ ಬೀಜ ಕಟ್ಟದು, ಅತ್ತಿ ಇಲ್ಲದೆ ಈ ಕಣಜಕ್ಕೆ ಸಂತಾನ ಇಲ್ಲ.

ಅತ್ತಿ ವರ್ಷದಲ್ಲಿ ಹಲವು ಸಲ ಹಣ್ಣು ಬಿಡುತ್ತದೆ. ಕಾಡಿನಲ್ಲಿ ಬೇರೆ ಹಣ್ಣು ಕಡಿಮೆ ಇರುವ ದಿನಗಳಲ್ಲೂ ಇಲ್ಲಿ ಊಟ ಇರುತ್ತದೆ. ಹಗಲು ಕೋತಿ, ಮಂಗಟ್ಟೆ, ಹಸಿರು ಪಾರಿವಾಳ, ಕುಟುರ ಹಕ್ಕಿ. ರಾತ್ರಿ ಬಾವಲಿ, ಪುನುಗು ಬೆಕ್ಕು. ನೀರಿಗೆ ಬಿದ್ದ ಹಣ್ಣಿಗೆ ಕೆಳಗೆ ಮೀನು ಕಾದಿರುತ್ತವೆ.

ಕೆಂಪು ಯಾರಿಗೆ, ಬಿಳಿ ಯಾರಿಗೆ?

ಹೂವಿನ ಬಣ್ಣಕ್ಕೂ ಅದಕ್ಕೆ ಬೇಕಾದ ಅತಿಥಿಗೂ ಸಂಬಂಧ ಇದೆ. ಮೆಣಸಿನ ಬಳ್ಳಿ ಹಬ್ಬಿಸುವ ಹಾಲುವಾಣದ ಹೂ ಕಡುಕೆಂಪು, ವಾಸನೆ ಇಲ್ಲ. ಹಕ್ಕಿಗಳಿಗೆ ಕೆಂಪು ಚೆನ್ನಾಗಿ ಕಾಣುತ್ತದೆ, ವಾಸನೆಯ ಗೊಡವೆ ಅವಕ್ಕೆ ಕಡಿಮೆ. ಸೂರಕ್ಕಿ, ಮೈನಾ, ಪಿಕಳಾರ ಸಾಲಾಗಿ ಬರುತ್ತವೆ. ಕಾಡುಮಲ್ಲಿಗೆ ಬಿಳಿ, ಸಂಜೆಗೆ ಪರಿಮಳ ಜಾಸ್ತಿ. ಅದು ಕತ್ತಲಲ್ಲಿ ಹಾರುವ ಪತಂಗಗಳಿಗೆ ಕೊಡುವ ಕರೆ.

ನಿಮ್ಮ ನಾಯಿಗೆ ಇವು ಹೇಗೆ ಕಾಣುತ್ತವೆ ಗೊತ್ತಾ? ನಾಯಿಯ ಕಣ್ಣು ನೀಲಿ ಮತ್ತು ಹಳದಿಯನ್ನು ಗುರುತಿಸುತ್ತದೆ. ಕೆಂಪು ಅದಕ್ಕೆ ಮಾಸಲು ಕಂದು. ಕಕ್ಕೆಯ ಹಳದಿ ಗೊಂಚಲು ಅದಕ್ಕೂ ಕಾಣುತ್ತದೆ, ಹಾಲುವಾಣದ ಕೆಂಪು ಕಾಣುವುದಿಲ್ಲ.

ಮರದ ಕೊಂಬೆಯಲ್ಲಿ ಕಾಣುವ ಎರಡು ಗಿಡಗಳನ್ನು ಜನ ಒಂದೇ ಅಂದುಕೊಳ್ಳುವುದುಂಟು. ಬಂದಳಿಕೆ ಮರದ ಒಳಕ್ಕೇ ಬೇರಿಳಿಸಿ ಅದರ ನೀರು, ಲವಣ ಹೀರುತ್ತದೆ. ಅದರ ಅಂಟು ಬೀಜವನ್ನು ಕೊಂಬೆಯಿಂದ ಕೊಂಬೆಗೆ ಒಯ್ಯುವುದು ಬದನಿಕೆ ಎಂಬ ಹೆಬ್ಬೆರಳಿನಷ್ಟು ಹಕ್ಕಿ. ಸೀತಾಳೆ ಹಾಗಲ್ಲ. ಅದು ಆರ್ಕಿಡ್. ಕೊಂಬೆಯ ಮೇಲೆ ಕೂರಲು ಜಾಗ ಮಾತ್ರ ತೆಗೆದುಕೊಳ್ಳುತ್ತದೆ. ಗಾಳಿಯಲ್ಲಿ ತೂಗುವ ದಪ್ಪ ಬೇರುಗಳಿಂದ ಮಳೆ, ಮಂಜಿನ ನೀರು ಹಿಡಿದು ಬದುಕುತ್ತದೆ. ಮೇ ತಿಂಗಳ ಹೊತ್ತಿಗೆ ಜಡೆಯಂತೆ ಇಳಿಬಿದ್ದ ನಸುಗೆಂಪು ಹೂಗೊಂಚಲು ಕಂಡರೆ ಅದು ಸೀತಾಳೆ ದಂಡೆ. ದಯವಿಟ್ಟು ಕೀಳಬೇಡಿ. ಮನೆಗೆ ತಂದರೆ ಹೆಚ್ಚಾಗಿ ಬದುಕುವುದಿಲ್ಲ.

ಪೊಟರೆಯೊಳಗೆ ಬಂದಿಯಾದ ತಾಯಿ

ತೋಟದ ಮೇಲಿಂದ ಗೊಗ್ಗರು ದನಿಯಲ್ಲಿ ಯಾರೋ ನಕ್ಕಂತೆ ಕೇಳಿದರೆ ಅದು ಮಲಬಾರ್ ಬೂದು ಮಂಗಟ್ಟೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಹಕ್ಕಿ. ಬೇಸಿಗೆ ಅದರ ಮರಿ ಮಾಡುವ ಕಾಲ. ಹೆಣ್ಣು ಹಳೇ ಮರದ ಪೊಟರೆಗೆ ಹೊಕ್ಕು, ತನ್ನ ಹಿಕ್ಕೆಯಿಂದಲೇ ಬಾಯಿಯನ್ನು ಮೆತ್ತಿ ಮುಚ್ಚುತ್ತದೆ. ಕೊಕ್ಕಿನ ತುದಿ ಹೊರಬರುವಷ್ಟು ಸೀಳು ಮಾತ್ರ ಉಳಿಸುತ್ತದೆ. ಹಾವು, ಕೋತಿ ಒಳಗೆ ಬರದಂತೆ ಈ ಏರ್ಪಾಡು. ಮುಂದಿನ ಎರಡು ಮೂರು ತಿಂಗಳು ತಾಯಿಗೂ ಮರಿಗೂ ಊಟ ತರುವುದು ಗಂಡು ಒಂದೇ. ಅತ್ತಿ, ಗೋಳಿ, ಬೇರೆ ಹಣ್ಣು, ನಡುವೆ ಓತಿಕ್ಯಾತ, ಹುಳ. ಗಂಡಿಗೆ ಏನಾದರೂ ಆದರೆ ಇಡೀ ಸಂಸಾರಕ್ಕೇ ಅಪಾಯ.

ಗೂಡಿನ ಮರದ ಕೆಳಗೆ ಹಣ್ಣಿನ ಬೀಜ, ಹಿಕ್ಕೆ ಬಿದ್ದಿರುತ್ತದೆ. ನಾಯಿ ಮೊದಲು ಅದನ್ನೇ ಮೂಸುತ್ತದೆ. ಆಗ ಸುಮ್ನೆ ಮುಂದೆ ನಡೆದುಬಿಡಿ. ಕೆಳಗೆ ಜನ ನಿಂತಿದ್ದರೆ ಗಂಡು ಹಣ್ಣು ಹಿಡಿದು ದೂರದ ಕೊಂಬೆಯಲ್ಲೇ ಕಾಯುತ್ತದೆ, ಒಳಗಿರುವವು ಹಸಿದಿರುತ್ತವೆ. ಪೊಟರೆ ಇರುವ ಹಳೇ ಮರಗಳು ತೋಟದಲ್ಲಿ ಉಳಿದರೆ ಮಾತ್ರ ಈ ಹಕ್ಕಿಗೆ ಮನೆ. ಇದನ್ನು ತೋಟ ಇರುವವರೆಲ್ಲ ತಿಳಿದಿರಬೇಕು ಅನ್ನುವುದು ನನ್ನ ಆಸೆ.

ನೀರು ಇಳಿದಾಗ

ಬೇಸಿಗೆಯಲ್ಲಿ ಕಾವೇರಿ ಅಲ್ಲಲ್ಲಿ ತೆಳ್ಳಗಾಗಿ, ಬಂಡೆ ಮೇಲೆದ್ದು, ಆಳದ ಮಡುಗಳಲ್ಲಿ ನೀರು ನಿಲ್ಲುತ್ತದೆ. ಮೀನೆಲ್ಲ ಆ ಮಡುಗಳಿಗೆ ಸೇರುತ್ತವೆ. ಕಾವೇರಿ ಕಣಿವೆಗೇ ಸೀಮಿತವಾದ ಗೂನುಬೆನ್ನಿನ ಮಹಶೀರ್ ಮೀನನ್ನು 2018ರಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಪ್ರಭೇದ ಎಂದು ಜಾಗತಿಕ ಕೆಂಪು ಪಟ್ಟಿಗೆ ಸೇರಿಸಿದರು. ಅದಕ್ಕೆ ಈ ಆಳದ ಮಡುಗಳೇ ಆಸರೆ.

ಮೀನು ಸೇರಿದ ಕಡೆ ನೀರುನಾಯಿ ಬರುತ್ತದೆ. ಹೆಸರು ನಾಯಿ, ಜಾತಿ ಬೇರೆ. ದೊಡ್ಡ ಹೊಳೆಯಲ್ಲಿ ಗುಂಪಾಗಿ ಮೀನು ಹಿಡಿಯುವುದು ಒಂದು ಜಾತಿ. ಮೇಲಿನ ತೋಡು, ಕೊಲ್ಲಿಗಳಲ್ಲಿ ಏಡಿ ಹುಡುಕುವ ಚಿಕ್ಕ ಉಗುರಿನದು ಇನ್ನೊಂದು. ನೀರುನಾಯಿ ಕಾಣುವುದು ಅಪರೂಪ, ಅದರ ಗುರುತು ಕಾಣುವುದು ಸುಲಭ. ಎದ್ದು ಕಾಣುವ ಬಂಡೆಯ ಮೇಲೆ ಮೀನಿನ ಪೊರೆ, ಏಡಿ ಚಿಪ್ಪಿನ ಚೂರು ತುಂಬಿದ ಹಿಕ್ಕೆ. ಇದು ನಮ್ಮ ಜಾಗ ಎಂದು ಉಳಿದ ನೀರುನಾಯಿಗಳಿಗೆ ಹೇಳುವ ರೀತಿ ಅದು. ನಿಮ್ಮ ನಾಯಿ ಬಿಡದೆ ಮೂಸುತ್ತಿದ್ದ ಕಲ್ಲು ಇಂಥದ್ದೇ ಇರಬಹುದು. ಮನುಷ್ಯರ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 50-60 ಲಕ್ಷ, ನಾಯಿಯ ಮೂಗಿನಲ್ಲಿ 20 ಕೋಟಿಗೂ ಹೆಚ್ಚು. ಅದಕ್ಕೆ ಆ ಕಲ್ಲಿನಲ್ಲಿ ಸಿಗುವ ಸುದ್ದಿ ನಮಗೆ ಸಿಗುವುದಿಲ್ಲ.

ಹಸಿ ಮರಳಿನ ಮೇಲಿನ ಚಿಟ್ಟೆಗಳು ಬಾಯಾರಿ ಬಂದವಲ್ಲ, ಉಪ್ಪಿಗಾಗಿ ಬಂದವು. ಮಕರಂದದಲ್ಲಿ ಸಿಹಿ ಇದೆ, ಉಪ್ಪಿನಂಶ ತೀರಾ ಕಡಿಮೆ. ದಿನಾ ಬರೀ ಪಾಯಸ ಉಂಡವರು ಉಪ್ಪಿನಕಾಯಿ ಹುಡುಕಿದ ಹಾಗೆ. ಇವು ಹೆಚ್ಚಾಗಿ ಗಂಡುಗಳು. ಹೀರಿದ ಉಪ್ಪನ್ನು ಕೂಡುವಾಗ ಹೆಣ್ಣಿಗೆ ದಾಟಿಸುತ್ತವೆ, ಅದು ಮೊಟ್ಟೆಗೆ ಬೇಕು.

ನಾಯಿ ಜೊತೆಗಿದ್ದರೆ ಏನು ಬದಲಾಗುತ್ತದೆ?

ನಾಯಿ ಎಷ್ಟೇ ಸಾಧುವಾದರೂ ಕಾಡುಪ್ರಾಣಿಗೆ ಅದು ಬೇಟೆಗಾರನ ವಾಸನೆ. ಬೇಸಿಗೆಯಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳಿಗೆ ಇದೇ ಕಾಲ. ಕಾಡುಕೋಳಿ ಪೊದೆಯಡಿ ತರಗೆಲೆಯ ಮೇಲೆ ಮೊಟ್ಟೆ ಇಡುತ್ತದೆ. ಟಿಟ್ಟಿಭ ಹೊಳೆದಂಡೆಯ ಬರಿನೆಲದಲ್ಲಿ, ಕಲ್ಲಿನಂತೆಯೇ ಕಾಣುವ ನಾಲ್ಕು ಮೊಟ್ಟೆ ಇಡುತ್ತದೆ. ಅದು ತಲೆ ಮೇಲೆ ಹಾರುತ್ತಾ ಕಿರುಚಿದರೆ ಗೂಡು ಹತ್ತಿರ ಇದೆ ಅಂತ ಅರ್ಥ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಬೆಲ್ಟ್ ಮತ್ತು ಹಗ್ಗ ಬೇಕೇ ಬೇಕು ಅನ್ನುವುದಕ್ಕೆ ಇಷ್ಟೇ ಕಾರಣ ಸಾಕು.

ಹಗ್ಗಕ್ಕೆ ಇನ್ನೊಂದು ಕಾರಣ ಆನೆ. ಮೇ ತಿಂಗಳಲ್ಲಿ ಹಲಸು ಹಣ್ಣಾಗುತ್ತದೆ, ಆನೆ ತೋಟದೊಳಗೆ ಬರುತ್ತದೆ. ಬಿಟ್ಟ ನಾಯಿ ಆನೆಗೆ ಬೊಗಳುತ್ತದೆ, ಆನೆ ಅಟ್ಟಿಸುತ್ತದೆ, ಹೆದರಿದ ನಾಯಿ ಓಡಿಬರುವುದು ನಿಮ್ಮ ಕಡೆಗೇ. ಹಸಿ ಲದ್ದಿ, ಮುರಿದ ಬೈನೆ ಮರ ಕಂಡರೆ ಅಂದಿಗೆ ತಿರುಗಾಟ ಸಾಕು. ಮುಸ್ಸಂಜೆ ಆದ ಮೇಲೆ ಚಿರತೆಯ ಭಯವೂ ಇದೆ. ಲೈನ್ ಮನೆಯಲ್ಲಿರುವ ತೋಟದ ಕೆಲಸಗಾರರಿಗೆ ಆನೆ ಎಲ್ಲಿದೆ ಎಂಬ ಸುದ್ದಿ ಮೊದಲು ಸಿಗುತ್ತದೆ, ಹೊರಡುವ ಮುಂಚೆ ಅವರನ್ನು ಕೇಳಿ.

ರೋಗದ ವಿಷಯವನ್ನು ಬಹಳ ಜನ ಯೋಚಿಸಿರುವುದಿಲ್ಲ. ಡಿಸ್ಟೆಂಪರ್, ಪಾರ್ವೋ ಥರದ ರೋಗಗಳು ನಾಯಿಯಿಂದ ಸೀಳುನಾಯಿ, ನೀರುನಾಯಿಗಳಿಗೂ ಹರಡಬಲ್ಲವು. ಲಸಿಕೆ ಹಾಕಿಸದ ನಾಯಿಯನ್ನು ಹೊಳೆಗೆ ಕರೆತರಬೇಡಿ.

ನಾಗರಹೊಳೆ ರಾಷ್ಟ್ರೀಯ ಉದ್ಯಾನ ಮತ್ತು ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಧಾಮಗಳ ಒಳಗೆ ಸಾಕುನಾಯಿ ಕರೆದೊಯ್ಯುವಂತಿಲ್ಲ. ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಒಂದೊಂದಕ್ಕೂ ಊರಿನ ಕಟ್ಟುಪಾಡು ಇದೆ. ಅಂಚಿನಲ್ಲಿ ನಡೆಯಿರಿ, ಒಳಗೆ ಹೋಗಲು ಊರವರನ್ನು ಕೇಳಿ.

ನಾಯಿಗೆ ಏನು ಅಪಾಯ?

ಬಿಸಿಲು ಮೊದಲನೆಯದು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕುವುದೇ ಅದರ ಫ್ಯಾನು. ಬೆಳಿಗ್ಗೆ ಎಂಟರೊಳಗೆ ಮನೆ ಸೇರಿ. ಅಂಗೈ ಹಿಂಭಾಗ ಇಟ್ಟು ನೋಡಿ, ಡಾಂಬರು ನಿಮಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತದೆ.

ಹಾವಿನ ವಿಷಯ. ತರಗೆಲೆಯಲ್ಲಿ ಮಂಡಲದ ಹಾವು ಕಾಣುವುದೇ ಇಲ್ಲ. ಕಾಳಿಂಗ ಸರ್ಪ ಮಾರ್ಚ್‌ನಿಂದ ಮೇವರೆಗೆ ಓಡಾಟ ಜಾಸ್ತಿ ಮಾಡುತ್ತದೆ, ಯಾಕೆಂದರೆ ಅದು ಅದರ ಕೂಡುವ, ಮೊಟ್ಟೆ ಇಡುವ ಕಾಲ. ತರಗೆಲೆ ರಾಶಿ ಹಾಕಿ ಗೂಡು ಕಟ್ಟುವ ಹಾವು ಇದೊಂದೇ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗವನ್ನು ಬೇರೆಯೇ ಪ್ರಭೇದ ಎಂದು ಗುರುತಿಸಿ, ಅದರ ವೈಜ್ಞಾನಿಕ ಹೆಸರಿನಲ್ಲೂ ಕಾಳಿಂಗ ಎಂದೇ ಇಟ್ಟರು. ನಾಯಿ ತರಗೆಲೆ ಗುಡ್ಡೆಗೆ ಬೊಗಳಿದರೆ ಹಗ್ಗ ಎಳೆದು ದೂರ ಬನ್ನಿ. ಕಚ್ಚಿದರೆ ಗಾಯ ಕುಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಎತ್ತಿಕೊಂಡು ನೇರ ಪಶುವೈದ್ಯರ ಹತ್ತಿರ ಹೋಗಿ.

ಕಾಸರಕದ ಕಿತ್ತಳೆ ಬಣ್ಣದ ಹಣ್ಣು ದಾರಿಯಲ್ಲಿ ಉರುಳಿದ್ದರೆ ಬಾಯಿ ಹಾಕಲು ಬಿಡಬೇಡಿ. ಅದರ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ವಿಷ ಇದೆ, ನಾಯಿಯನ್ನು ಕೊಲ್ಲುತ್ತದೆ. ಗೌರಿ ಹೂವಿನ ಗೆಡ್ಡೆಯೂ ವಿಷ, ಕೆದಕುವ ಚಟದ ನಾಯಿ ಇದ್ದರೆ ನಿಗಾ ಇರಲಿ.

ಮನೆಗೆ ಬಂದ ಮೇಲೆ ನಾಯಿಯ ಮೈಮೇಲೆ ರಕ್ತ ಹೀರುವ ಉಣ್ಣೆ ಹುಳ ಹುಡುಕಿ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಕತ್ತಿನ ಬೆಲ್ಟ್ ಅಡಿಯಲ್ಲಿ. ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ, ಬೆರಳಲ್ಲಿ ಹಿಚುಕಬೇಡಿ. ಒಂದೆರಡು ವಾರದಲ್ಲಿ ನಾಯಿ ಊಟ ಬಿಟ್ಟರೆ, ಜ್ವರ ಬಂದರೆ, ಮೂತ್ರ ಕಪ್ಪಗಾದರೆ ಅದು ಉಣ್ಣೆ ಜ್ವರ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ಮೇ ಕೊನೆಯಲ್ಲಿ ಎರಡು ಮಳೆ ಬಿದ್ದ ಮೇಲೆ ತರಗೆಲೆ ಅಡಿ ಅಡಗಿದ್ದ ಜಿಗಣೆಗಳು ಹೊರಬರುತ್ತವೆ. ಅವುಗಳಿಂದ ರೋಗದ ಭಯ ಕಡಿಮೆ. ಆದರೆ ತೋಡಿನ ನೀರು ಕುಡಿದ ನಾಯಿ ದಿನಗಟ್ಟಲೆ ಸೀನುತ್ತಿದ್ದರೆ, ಮೂಗಿನಿಂದ ರಕ್ತ ಬಂದರೆ, ಮೂಗಿನೊಳಗೆ ಜಿಗಣೆ ಹೊಕ್ಕಿರಬಹುದು. ಅದನ್ನು ನೀವೇ ಕೀಳಲು ಹೋಗಬೇಡಿ, ವೈದ್ಯರು ತೆಗೆಯುತ್ತಾರೆ. ಕುಡಿಯುವ ನೀರನ್ನು ಮನೆಯಿಂದಲೇ ಒಂದು ಬಾಟಲಿ ಒಯ್ದರೆ ಈ ತಾಪತ್ರಯ ಬರುವುದಿಲ್ಲ.